ಸತ್ತ ಜೆಟ್ಟುಗಳ ಡಬ್ಬಿ

ಬ್ರೆಡ್ಡಿನವನು ಮತ್ತೆ ಬೈಕು ತಳ್ಳಿಕೊಂಡು ಬರುವುದು ಕಂಡಾಗ ನಾನು ಗ್ಯಾರೇಜಿನ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ದೂರದಿಂದಲೇ ಅವನ ಮುಖ ನೋಡಿ ಚಹಾ ಕಹಿಯಾಯಿತು. ಹಿಂದಿನ ಸೀಟಿಗೆ ಬಿಗಿದ ತಗಡಿನ ಪೆಟ್ಟಿಗೆ ಪೂರ್ತಿ ತುಂಬಿತ್ತು. ಅಂಗಡಿಗಳಿಗೆ ಹೋಗಬೇಕಾದ ಬ್ರೆಡ್ಡು ನಮ್ಮಲ್ಲಿಗೆ ಬಂದಿತ್ತು.

"ಮೇಸ್ತ್ರಿ ಇದ್ದಾರಾ?"

"ಇದ್ದಾರೆ. ಮತ್ತೆ ಏರಿನಲ್ಲೇ ನಿಂತ್ಹೋಯ್ತಾ?"

"ಏರಿನ ತನಕ ರಾಜನ ಥರ ಹೋಗತ್ತೆ. ಅಲ್ಲಿ ಗೊರಗೊರ ಅಂದು ನಿಲ್ಲತ್ತೆ. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಮತ್ತೆ ಶುರು, ಮತ್ತೆ ನಿಲ್ಲತ್ತೆ. ರಿಪೇರಿ ಮಾಡಿಸಿದ ಮೇಲೂ ಇದೇ ಕಥೆ. ನಾನು ಬ್ರೆಡ್ ಮಾರ್ಲಾ, ಇದನ್ನ ತಳ್ಕೊಂಡು ತಿರುಗ್ಲಾ?"

ಬೈಕು ರಿಪೇರಿ ಮಾಡಿದ್ದು ಭಾವ, ನನ್ನ ಅಕ್ಕನ ಗಂಡ. ಗ್ಯಾರೇಜು ಅವರದು. ನಾನು ಅಕ್ಕನ ಬೆನ್ನಿಗೆ ಅಂಟಿಕೊಂಡು ಬಂದ ಭಾಮೈದ. "ಹೆಂಡ್ತಿ ಜೊತೆ ಒಂದು ಸ್ಪೇರ್ ಪಾರ್ಟ್ ಪುಕ್ಕಟೆ ಸಿಕ್ತು, ಯಾವ ಗಾಡಿಗೂ ಕೂರ್ತಿಲ್ಲ" ಎಂದು ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುವುದು ಭಾವನ ಹಳೆಯ ಚಟ.

ಒಳಗಿನಿಂದ ಭಾವ ಬಂದರು. ಬಾಗಿಲ ಚೌಕಟ್ಟಿಗೆ ಕೈಯೂರಿ ಒಂದು ಗಳಿಗೆ ನಿಂತು ಆಮೇಲೆ ಹೊರಗೆ ಕಾಲಿಟ್ಟರು. ಈಚೆಗೆ ಅವರು ಎಲ್ಲೆಂದರಲ್ಲಿ ಹೀಗೆ ನಿಲ್ಲುತ್ತಿದ್ದರು. ನಮ್ಮ ಮನೆ ಗ್ಯಾರೇಜಿನ ಮೇಲೆಯೇ ಇದೆ, ಮೆಟ್ಟಿಲ ನಡುವೆ ಒಂದು ಹಳೆಯ ಸ್ವಿಚ್ ಬೋರ್ಡಿದೆ. ಹತ್ತುವಾಗಲೆಲ್ಲ ಭಾವ ಅಲ್ಲಿ ನಿಂತು ಅದರ ಸ್ಕ್ರೂಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ಆ ಬೋರ್ಡಿಗೆ ಮಾಡಿದ ಸೇವೆ ನಂಗೆ ಮಾಡಿದ್ರೆ ನಾನು ರಾಣಿ ಥರ ಇರ್ತಿದ್ದೆ" ಎಂದು ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಬ್ರೆಡ್ಡಿನವನು ಹೇಳಿದ್ದನ್ನೆಲ್ಲ ಭಾವ ತಲೆ ತಗ್ಗಿಸಿ ಕೇಳಿದರು. ಅವರ ಕಿವಿ ಕೆಂಪಗಾಯಿತು. ನಂತರ ಟ್ಯಾಂಕಿನ ಮೇಲೆ ಅಂಗೈ ಇಟ್ಟು, "ಇದು ಇನ್ನೊಂದ್ಸಲ ವಾಪಸ್ ಬಂದ್ರೆ ನಾನು ಸ್ಪ್ಯಾನರ್ ಮುಟ್ಟಲ್ಲ. ನಿನ್ನ ಮುಂದೆ ಹೇಳ್ತಿದೀನಿ" ಎಂದರು.

ಬೇರೆಯವರು ಹೀಗೆ ಹೇಳಿದರೆ ಸಿಟ್ಟಿನ ಮಾತು ಎಂದು ಬಿಡಬಹುದು. ಭಾವ ಒಮ್ಮೆ ತಮ್ಮನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದರು, ಆ ತಮ್ಮ ಬೇರೆ ಮನೆಗೆ ಹೋದ ಮೇಲೆ ಹೊಸ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ರಜೆಯ ದಿನ ಬಿಚ್ಚಲು ಏನೂ ಸಿಗದಿದ್ದರೆ ಅಕ್ಕನ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಾರೆ, ಅದೂ ಸರಿಯಿದ್ದರೆ ಜ್ವರ ಬಂದವರಂತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಸ್ಪ್ಯಾನರ್ ಕೆಳಗಿಟ್ಟ ಭಾವನನ್ನು ದಿನವಿಡೀ ನೋಡಿಕೊಂಡು ಬದುಕುವುದು ನನ್ನಿಂದ ಸಾಧ್ಯವಿರಲಿಲ್ಲ.

ಭಾವನ ಕೆಲಸಕ್ಕೊಂದು ಕ್ರಮವಿತ್ತು. ಪೆಟ್ರೋಲು ಮೇಲಿನಿಂದ ಕೆಳಗಿಳಿಯುತ್ತದೆ, ಅದು ಇಳಿಯುವ ದಾರಿಯಲ್ಲೇ ನೀನೂ ಇಳಿ ಎನ್ನುತ್ತಿದ್ದರು. ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಗಾಳಿತೂತು ಇರುತ್ತದೆ, ಪೆಟ್ರೋಲು ಖಾಲಿಯಾದಷ್ಟೂ ಅಲ್ಲಿಂದ ಗಾಳಿ ಒಳಗೆ ಹೋಗಬೇಕು. ಆಮೇಲೆ ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ, ನಿಲ್ಲಿಸುವ ಕಾಕ್, ಅದಕ್ಕೆ ಸಿಕ್ಕಿಸಿದ ಪೈಪು, ಕಾರ್ಬೊರೇಟರಿನ ಬಟ್ಟಲು. ಕಟ್ಟಕಡೆಗೆ ಜೆಟ್ಟು. ಅಂಗಿಯ ಗುಂಡಿಗಿಂತ ಚಿಕ್ಕ ಹಿತ್ತಾಳೆಯ ತುಣುಕು, ನಡುವೆ ಸೂಜಿಮೊನೆಯಷ್ಟು ತೂತು, ಬೈಕು ಕುಡಿಯುವುದೆಲ್ಲ ಅದರಿಂದಲೇ. ಒಂದೊಂದನ್ನೂ ಬಿಚ್ಚಿ, ತೊಳೆದು, ಬಾಯಿಗಿಟ್ಟು ಊದಿ ನೋಡಬೇಕು.

ಗಾಳಿ ಮಿಷನ್ ನಮ್ಮಲ್ಲೂ ಇದೆ, ಟಯರಿಗೆ ಮಾತ್ರ. ಅದನ್ನು ಜೆಟ್ಟಿಗೆ ಹಿಡಿದರೆ ಭಾವನಿಗೆ ಮೈಯೆಲ್ಲ ಉರಿ. "ಮಿಷನ್ ಕಿವುಡು ಕಣೋ. ಎದುರಿಗೆ ಏನಿದ್ರೂ ನೂಕೋದೊಂದೇ ಗೊತ್ತು. ಒಳಗೆ ಎಷ್ಟು ಅಂಟಿದೆ ಅಂತ ಬಾಯಿಗೆ ಮಾತ್ರ ಗೊತ್ತಾಗತ್ತೆ." ಬೆಳಕಿಗೆ ಹಿಡಿದು ನೋಡುವವರನ್ನು ಕಂಡರೂ ಅವರಿಗೆ ಆಗದು. ಬೆಳಕು ಹಾಯುವ ತೂತಿನಲ್ಲಿ ಪೆಟ್ರೋಲು ಹಾಯುತ್ತದೆಂದು ಯಾರು ಹೇಳಿದರು ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಬಿಚ್ಚಿದವನೇ ಊದಬೇಕು, ಊದಿದವನೇ ಮುಚ್ಚಬೇಕು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಹಾಗಾಗಿ ಭಾವ ಊದಿದ ಜೆಟ್ಟನ್ನು ನಾನು ಯಾವತ್ತೂ ಊದಿ ನೋಡಿರಲಿಲ್ಲ. ಅವರು ಕೆಟ್ಟಿದೆ ಎಂದ ಜೆಟ್ಟು ಸೀದಾ ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ. ಅದಕ್ಕೆ ನಾವು ಸತ್ತವರ ಡಬ್ಬಿ ಎಂದು ಹೆಸರಿಟ್ಟಿದ್ದೆವು. ಈಚಿನ ತಿಂಗಳುಗಳಲ್ಲಿ ಡಬ್ಬಿ ಬೇಗ ಬೇಗ ತುಂಬುತ್ತಿತ್ತು. ಪೆಟ್ರೋಲಿನಲ್ಲೇ ಕಲಬೆರಕೆ ಜಾಸ್ತಿಯಾಗಿದೆ ಎಂದು ನಾವಿಬ್ಬರೂ ಕೂತು ಶಾಪ ಹಾಕುತ್ತಿದ್ದೆವು.

ಭಾವ ಮಣೆಯ ಮೇಲೆ ಕೂತು ಮುಚ್ಚಳದಿಂದ ಶುರು ಮಾಡಿದರು. ಊದಿದರು. "ಬ್ಲಾಕ್" ಎಂದರು. ಪೆಟ್ರೋಲಿನಲ್ಲಿ ಅದ್ದಿ ಬ್ರಶ್ಶಿನಿಂದ ಉಜ್ಜಿ ಪಕ್ಕಕ್ಕಿಟ್ಟರು. ಕಾಕ್ ಬಿಚ್ಚಿ ಊದಿದರು. "ಇದೂ ಬ್ಲಾಕ್." ಪೈಪು ಊದಿ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಜೆಟ್ಟಿನ ಸರದಿ ಬರುವಷ್ಟರಲ್ಲಿ ಅವರ ತುಟಿಯ ಬಣ್ಣವೇ ಬದಲಾಗಿತ್ತು.

"ಎಲ್ಲಾ ಬ್ಲಾಕ್ ಕಣೋ. ಇವನ ಬೈಕು ಪೆಟ್ರೋಲ್ ಕುಡಿಯತ್ತೋ, ಸಿಮೆಂಟ್ ಕುಡಿಯತ್ತೋ?"

ನಾನು ಹಲ್ಲು ಕಿರಿದೆ. ಆದರೆ ಎಲ್ಲವೂ ಬ್ಲಾಕ್ ಎಂದಮೇಲೆ ನಿಜವಾಗಿ ಕೆಟ್ಟದ್ದು ಯಾವುದೆಂದು ಹುಡುಕುವುದು ಹೇಗೆ? ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಭಾವ ಮಾಡಿದ್ದನ್ನು ನೋಡಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ಹಳೆಯ ಕ್ಲಚ್ ಕೇಬಲ್ಲಿನಿಂದ ಒಂದು ಎಳೆ ತಂತಿ ಕಿತ್ತು ಜೆಟ್ಟಿನ ತೂತಿಗೆ ತೂರಿಸಿದರು. ನಾನು ಇಲ್ಲಿಗೆ ಬಂದ ಮೊದಲ ದಿನ ಅವರು ಕಲಿಸಿದ್ದೇ ಜೆಟ್ಟಿಗೆ ತಂತಿ ಹಾಕಬಾರದು ಎಂದು. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಒಂದಿಷ್ಟು ಸವೆದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಹಾಗೆ ತಂತಿ ಹಾಕಿದ್ದಕ್ಕೆ ಒಬ್ಬ ಕೆಲಸಗಾರನನ್ನು ಅವರು ಮನೆಗೆ ಕಳಿಸಿದ್ದೂ ಉಂಟು.

"ಭಾವ, ತಂತಿ..."

"ನೀನು ಸುಮ್ನಿರೋ."

ತಂತಿಯನ್ನು ತಿರುಗಿಸಿ ತಿರುಗಿಸಿ ಎಳೆದರು. ಮತ್ತೆ ಊದಿದರು. ಮುಖ ಇನ್ನಷ್ಟು ಗಂಟಾಯಿತು. ಆದದ್ದಾಗಲಿ ಎಂದು ಜೋಡಿಸಿ, "ಒದಿ" ಎಂದರು. ಮೊಣಕಾಲು ನೋವೆಂದು ಈಗೀಗ ಕಿಕ್ ಹೊಡೆಯುವುದನ್ನು ನನಗೇ ಬಿಟ್ಟಿದ್ದರು. ಒದ್ದೆ. ಬೈಕು ಹೊತ್ತಿಕೊಂಡು ಸೈಲೆನ್ಸರಿನಿಂದ ಕಪ್ಪು ಹೊಗೆ ಭಗ್ಗೆಂದು ಹೊರಬಂತು. ಬ್ರೆಡ್ಡಿನವನು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಅಪ್ಪಿ ಹಿಡಿದು ಹಿಂದೆ ಸರಿದ. "ಬ್ರೆಡ್ಡಿಗೆ ಹೊಗೆ ಹಿಡೀತು ಮೇಸ್ತ್ರೀ!"

ಭಾವ ಕೀಲಿ ತಿರುಗಿಸಿ ಆರಿಸಿದರು. ಕೆಮ್ಮು ಬಂತು, ತಡೆದರು, ಮತ್ತೆ ಬಂತು. "ತೂತು ದೊಡ್ಡದಾಯ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬ್ರೆಡ್ಡಿನವನು ಗೊಣಗುತ್ತ ಯಾರದೋ ಗಾಡಿಗೆ ಪೆಟ್ಟಿಗೆ ಏರಿಸಿಕೊಂಡು ಹೋದ. ಭಾವ ಎಲ್ಲವನ್ನೂ ಮತ್ತೆ ಬಿಚ್ಚಿಟ್ಟು ಹೊಸ ಜೆಟ್ಟಿನ ಪ್ಯಾಕೆಟ್ ಹರಿದರು. ಊದಿದರು. ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೂ ಬ್ಲಾಕ್. ಹೊಸದನ್ನೇ ಬ್ಲಾಕ್ ಮಾಡಿ ಕಳಿಸ್ತಾರಲ್ಲೋ ಕಳ್ಳ ನನ್ಮಕ್ಕಳು!" ಇನ್ನೊಂದು ಪ್ಯಾಕೆಟ್ ಹರಿದರು. ಅದೂ ಹಾಗೇ. ಎರಡನ್ನೂ ಡಬ್ಬಿಗೆ ಎಸೆದರು.

ಈ ಸಲ ನನಗೆ ನಗು ಬರಲಿಲ್ಲ.

ಅಕ್ಕ ಮೇಲಿನಿಂದ ಊಟಕ್ಕೆ ಕೂಗಿದಳು. ನಾನು ಆಮೇಲೆ ಬರುತ್ತೇನೆ ಎಂದೆ. "ಏನೂ ಮುಟ್ಟಬೇಡ, ಬಂದು ನಾನೇ ಮುಚ್ತೀನಿ" ಎಂದು ಭಾವ ಮೆಟ್ಟಿಲು ಹತ್ತಿದರು. ಕಾಲ ಸಪ್ಪಳ ಸ್ವಿಚ್ ಬೋರ್ಡಿನ ಹತ್ತಿರ ನಿಂತಿತು. ನಾನು ಕಿವಿಗೊಟ್ಟು ಕಾದೆ. ಅದು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಡಬ್ಬಿ ಇಳಿಸಿ ಆಗಷ್ಟೇ ಎಸೆದ ಹೊಸ ಜೆಟ್ಟನ್ನು ಹುಡುಕಿ ತೆಗೆದೆ. ಅಂಗಿಗೆ ಒರಸಿ ತುಟಿಗಿಟ್ಟು ಊದಿದೆ. ಸುಯ್ ಎಂದು ಗಾಳಿ ಆಚೆ ಹೋಯಿತು. ಎದುರಿಗೆ ಬೆರಳು ಹಿಡಿದು ಇನ್ನೊಮ್ಮೆ ಊದಿದೆ, ಬೆರಳಿಗೆ ತಣ್ಣಗೆ ತಾಕಿತು. ಎರಡನೆಯದೂ ಹಾಗೆಯೇ. ಹಳೆಯ ಪೇಪರು ಹಾಸಿ ಡಬ್ಬಿಯನ್ನು ಪೂರ್ತಿ ಸುರಿದೆ. ತಿಂಗಳುಗಟ್ಟಲೆ ಭಾವ ತಿರಸ್ಕರಿಸಿದ ಜೆಟ್ಟುಗಳು. ಒಂದೊಂದನ್ನೇ ಎತ್ತಿ ಊದುತ್ತ ಹೋದೆ. ತಳದಲ್ಲಿದ್ದ ಹಳೆಯವು ಕೆಲವು ನಿಜವಾಗಿಯೂ ಕಟ್ಟಿಕೊಂಡಿದ್ದವು. ಮೇಲಿನವೆಲ್ಲ ಸಿಳ್ಳೆ ಹಾಕಿದವು.

ಪೆಟ್ರೋಲಿನ ರುಚಿಗೆ ನಾಲಿಗೆ ಮರಗಟ್ಟಿತ್ತು. ನಾನು ನೆಲದ ಮೇಲೆಯೇ ಕೂತುಬಿಟ್ಟೆ. ಜೆಟ್ಟುಗಳಲ್ಲಿ ಏನೂ ಆಗಿರಲಿಲ್ಲ. ಭಾವನ ಎದೆಯಲ್ಲಿ ಆ ಸೂಜಿಮೊನೆಯ ತೂತನ್ನು ದಾಟುವಷ್ಟು ಉಸಿರೇ ಉಳಿದಿರಲಿಲ್ಲ. ಚೌಕಟ್ಟಿಗೆ ಕೈಯೂರುವುದು, ಮೊಣಕಾಲು ನೋವು, ಸ್ವಿಚ್ ಬೋರ್ಡು ಎಲ್ಲ ಒಟ್ಟಿಗೆ ನೆನಪಾದವು. ನನಗೆ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ಆ ಬ್ರೆಡ್ಡಿನವನ ಮೇಲೂ ಸಹ. ಕೈಗೆ ಸಿಕ್ಕ ಬ್ರಶ್ಶನ್ನು ಗೋಡೆಗೆ ಬೀಸಿ ಒಗೆದೆ.

ಆದರೆ ಬೈಕು ಅಲ್ಲಿಯೇ ಬಿಚ್ಚಿ ಬಿದ್ದಿತ್ತು, ಅದು ಇನ್ನೊಂದು ಸಲ ವಾಪಸ್ ಬರುವಂತಿರಲಿಲ್ಲ. ಭಾವನ ಕ್ರಮದಲ್ಲೇ ಮೇಲಿನಿಂದ ಶುರು ಮಾಡಿದೆ. ಮುಚ್ಚಳ ಊದಿದೆ. ಗಾಳಿ ಹೋಗಲಿಲ್ಲ. ಕೆನ್ನೆ ಉಬ್ಬಿ ಕಿವಿ ಗುಂಯ್‌ಗುಟ್ಟಿತು, ಆದರೂ ಹೋಗಲಿಲ್ಲ. ಕಾಕ್ ಊದಿದೆ, ಸರಾಗ. ಪೈಪೂ ಸರಾಗ. ಭಾವ ಬ್ಲಾಕ್ ಎಂದ ಅಷ್ಟೆಲ್ಲದರಲ್ಲಿ ಮುಚ್ಚಳವೊಂದೇ ನಿಜವಾಗಿ ಬ್ಲಾಕ್ ಆಗಿತ್ತು. ಗುಂಡುಸೂಜಿಯಿಂದ ಕೆದಕಿದರೆ ಬಿಳಿಯ ಪುಡಿ ಉದುರಿತು. ಬ್ರೆಡ್ಡಿನವನು ಬೈಕು ನಿಲ್ಲಿಸುವುದು ಬೇಕರಿಯ ಹಿಟ್ಟು ಜರಡಿ ಹಿಡಿಯುವ ಜಾಗದಲ್ಲಿ. ಹಿಟ್ಟಿನ ಧೂಳು ತೂತಿಗೆ ಇಳಿದು, ಇಬ್ಬನಿಗೆ ಕಲಸಿಕೊಂಡು, ಬಿಸಿಲಿಗೆ ಕಲ್ಲಾಗಿತ್ತು. ಟ್ಯಾಂಕಿಗೆ ಗಾಳಿ ಸಿಗದೆ ಸ್ವಲ್ಪ ದೂರ ಹೋದಮೇಲೆ ಪೆಟ್ರೋಲು ಇಳಿಯುವುದು ನಿಲ್ಲುತ್ತಿತ್ತು. ಪೆಟ್ರೋಲಿಗೆ ಕರಗದ ಹಿಟ್ಟನ್ನು ಭಾವ ಪೆಟ್ರೋಲಿನಲ್ಲೇ ತೊಳೆದು ತೊಳೆದು ಇಟ್ಟಿದ್ದರು.

ತೂತು ಬಿಡಿಸಿ, ಹೊಸ ಜೆಟ್ಟು ಕೂರಿಸಿ, ಎಲ್ಲ ಮುಚ್ಚಿ ಏರಿನ ಕಡೆ ಹೊರಟೆ. ಬೈಕು ಎಲ್ಲೂ ತಡವರಿಸಲಿಲ್ಲ. ಏರಿನ ತುದಿಯಲ್ಲಿ ನಿಲ್ಲಿಸಿ ಹೆಲ್ಮೆಟ್ಟಿನೊಳಗೇ ಅತ್ತೆ. ಗಾಡಿ ಸರಿಯಾಯಿತೆಂದು ಅಳುವ ಮೆಕ್ಯಾನಿಕ್ಕು ನಾನೊಬ್ಬನೇ ಇರಬೇಕು.

ವಾಪಸ್ ಬಂದಾಗ ಭಾವ ಬಾಗಿಲಲ್ಲಿ ಕೆಂಡವಾಗಿ ನಿಂತಿದ್ದರು. "ಮುಚ್ಚು ಅಂತ ಯಾರು ಹೇಳಿದ್ದು ನಿಂಗೆ?"

"ನಿಮ್ಮ ಹೊಸ ಜೆಟ್ಟೇ ಭಾವ. ಇನ್ನೊಂದ್ಸಲ ತೊಳೆದು ಹಾಕಿದೆ. ಏರು ಹತ್ತಿ ಬಂತು, ಕೆಮ್ಮಲೂ ಇಲ್ಲ."

ಆ ಕೊನೆಯ ಮಾತು ಯಾಕೆ ಆಡಿದೆನೋ ಎಂದು ನಾಲಿಗೆ ಕಚ್ಚಿಕೊಂಡೆ. ಅವರು ಗಮನಿಸಲಿಲ್ಲ. "ಜೆಟ್ಟು ಅಂತ ನಾನು ಹೇಳ್ಲಿಲ್ವಾ?" ಎಂದು ಗೆದ್ದವರಂತೆ ಟ್ಯಾಂಕನ್ನು ತಟ್ಟಿದರು.

ಅಕ್ಕನಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಂಗೊತ್ತು. ದಿಂಬಿನ ಮೇಲೆ ದಿಂಬು ಇಟ್ಕೊಂಡು ಕೂತೇ ಮಲಗ್ತಾರೆ. ಬಾಯಿಬಿಟ್ಟು ಹೇಳಿದ್ರೆ ನಿಜ ಆಗ್ಬಿಡತ್ತೇನೋ ಅಂತ ಸುಮ್ನಿದ್ದೆ ಕಣೋ" ಎಂದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಅಲ್ಲಿ ಒಂದು ಕೊಳವೆಯನ್ನು ಬಾಯಿಗೆ ಕೊಟ್ಟು, ಶಕ್ತಿಯಿದ್ದಷ್ಟೂ ಊದಿ ಎಂದರು. ಭಾವ ಕಣ್ಣು ಹೊರಬರುವಂತೆ ಊದಿದರು. ಮಿಷನ್ನಿನ ಪರದೆಯ ಮೇಲಿನ ಗೆರೆ ಒಂದಿಷ್ಟು ತಲೆಯೆತ್ತಿ ಮಲಗಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಅಷ್ಟೆ.

"ಡಾಕ್ಟ್ರೇ, ನಿಮ್ಮ ಪೈಪು ಬ್ಲಾಕ್ ಆಗಿದೆ. ಬಿಚ್ಚಿ ತೊಳೆಸಿ" ಎಂದರು ಭಾವ.

ಯಾರೂ ನಗಲಿಲ್ಲ. ಭಾವ ಕೊಳವೆಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಗೋಡೆಯ ಗಡಿಯಾರದ ಕಡೆ ಮುಖ ತಿರುಗಿಸಿದೆ.

ಡಾಕ್ಟರು ನನ್ನನ್ನೂ ಅಕ್ಕನನ್ನೂ ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು. ಎದೆಯ ಒಳಭಾಗ ಗಟ್ಟಿಯಾಗಿಬಿಟ್ಟಿದೆ, ಹೋದದ್ದು ಹೋಯಿತು, ಉಳಿದಿರುವುದೂ ಹೋಗುತ್ತಿದೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು. ಹೊಗೆಯೋ, ಧೂಳೋ, ಇಷ್ಟು ವರ್ಷದ ಪೆಟ್ರೋಲೋ, ಈಗ ತಿಳಿದು ಪ್ರಯೋಜನವಿಲ್ಲ. "ತೊಳೆಯೋದು, ಬದಲಾಯಿಸೋದು ಏನಾದ್ರೂ?" ಎಂದು ಕೇಳಿದೆ. ನನಗೆ ಬರುವ ವಿದ್ಯೆ ಅದೇ. ಅವರು ತಲೆ ಅಲ್ಲಾಡಿಸಿದರು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು, "ಅವ್ರಿಗೆ ಇಷ್ಟೆಲ್ಲ ಹೇಳೋದು ಬೇಡ" ಎಂದಳು.

ಆಮೇಲಿನ ದಿನಗಳಲ್ಲಿ ಭಾವ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಳೆಯ ಕಟ್ಟಳೆಯನ್ನು ತಾವೇ ತಿದ್ದಿದರು. "ಬಿಚ್ಚೋದು, ಮುಚ್ಚೋದು ನೀನು. ಊದೋದು ಮಾತ್ರ ನಾನು." ಮೊದಲು ಕೊಟ್ಟ ಜೆಟ್ಟು ಊದಿ ಬ್ಲಾಕ್ ಎಂದಾಗ ಅವರ ಮುಖ ನೋಡಲಾಗಲಿಲ್ಲ. ಮರುದಿನ ನಾನು ಡಬ್ಬಿಯಿಂದ ಒಂದು ಜೆಟ್ಟು ತೆಗೆದು ಸಣ್ಣ ಡ್ರಿಲ್ಲಿನಿಂದ ತೂತು ಅಗಲ ಮಾಡಿ ಅದನ್ನು ಕೊಟ್ಟೆ. ಊದಿದರು. ಹುಬ್ಬು ಮೇಲೇರಿತು. "ಹಾಂ, ಇದು ತೆರೆದಿದೆ. ಹಾಕು." ನಾನು ಬೆನ್ನು ತಿರುಗಿಸಿ ಸರಿಯಾದ ಜೆಟ್ಟು ಕೂರಿಸಿದೆ. ಆವತ್ತು ಅವರು ಅಕ್ಕನ ಹತ್ತಿರ ಎರಡನೆಯ ಸಲ ಬಡಿಸಿಕೊಂಡು ಉಂಡರು.

ಕೆಲವು ದಿನಗಳಲ್ಲಿ ಆ ತೂತೂ ಸಾಲದಾಯಿತು. ದೊಡ್ಡ ಡ್ರಿಲ್ಲು ಹಾಕಿದೆ. ಮತ್ತೆ ಅದಕ್ಕಿಂತ ದೊಡ್ಡದು. ಡಾಕ್ಟರ ಮಿಷನ್ನಿನ ಗೆರೆ ಏನು ಹೇಳುತ್ತಿತ್ತೋ ಅದನ್ನು ನನ್ನ ಡ್ರಿಲ್ಲುಗಳೂ ಹೇಳುತ್ತಿದ್ದವು.

ಮನೆಗೆ ಆಕ್ಸಿಜನ್ ಸಿಲಿಂಡರು ಬಂದಮೇಲೆ ಭಾವ ಕೆಳಗಿಳಿಯುವುದು ನಿಂತಿತು. ಅದಿರುವಲ್ಲಿ ಪೆಟ್ರೋಲು ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮನೆ ಬಾಗಿಲಲ್ಲೇ ನನ್ನ ಕೈ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ನಾನು ಜೆಟ್ಟನ್ನು ಸೋಪಿನ ನೀರಿನಲ್ಲಿ ತೊಳೆದು, ಸಣ್ಣ ತಟ್ಟೆಯಲ್ಲಿಟ್ಟುಕೊಂಡು ಮೇಲೆ ಒಯ್ಯುತ್ತಿದ್ದೆ. ಭಾವ ದಿಂಬುಗಳಿಗೆ ಒರಗಿ, ಮೂಗಿನಲ್ಲಿ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿಕೊಂಡು, ಯಾವ ಗಾಡಿ, ಏನು ತೊಂದರೆ ಎಂದು ವಿಚಾರಿಸಿ ಊದುತ್ತಿದ್ದರು.

ಒಂದು ಮಧ್ಯಾಹ್ನ ಬ್ರೆಡ್ಡಿನವನು ಬೈಕಿನ ಆಯಿಲ್ ಬದಲಾಯಿಸಲು ಬಂದಿದ್ದ. ಗಾಡಿ ಒಮ್ಮೆಯೂ ನಿಂತಿಲ್ಲ, ಮೇಸ್ತ್ರಿಗೆ ಹೇಳಿ ಎಂದು ಒಂದು ಬ್ರೆಡ್ಡು ಕೊಟ್ಟ. ನಾನು ಬ್ರೆಡ್ಡನ್ನೂ ತಟ್ಟೆಯನ್ನೂ ಹಿಡಿದು ಮೇಲೆ ಹೋದೆ. ತಟ್ಟೆಯಲ್ಲಿದ್ದ ಜೆಟ್ಟಿನ ತೂತಿನಲ್ಲಿ ಬೆಂಕಿಕಡ್ಡಿ ಆರಾಮಾಗಿ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಡ್ರಿಲ್ಲು ಹಾಕಿದರೆ ಜೆಟ್ಟೇ ಉಳಿಯುವುದಿಲ್ಲ.

ಭಾವ ಅದನ್ನು ತುಟಿಗಿಟ್ಟರು. ಎದೆ ಮೇಲೇರಿತು. ಸದ್ದೇನೂ ಬರಲಿಲ್ಲ. ತೆಗೆದರು. ನಂತರ, ಯಾವತ್ತೂ ಮಾಡದ ಕೆಲಸ, ಜೆಟ್ಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅದರೊಳಗೆ ನನ್ನನ್ನೇ ನೋಡಿದರು.

"ಇದು ಯಾವ ಗಾಡಿದೋ?"

"ಬ್ರೆಡ್ಡಿನವಂದು ಭಾವ."

"ಈ ತೂತಲ್ಲಿ... ಅವನ ಬ್ರೆಡ್ಡೇ ತೂರತ್ತಲ್ಲೋ."

ನಕ್ಕರು. ನಗು ಕೆಮ್ಮಾಯಿತು. ಅಕ್ಕ ಓಡಿ ಬಂದು ಬೆನ್ನು ನೀವಿದಳು. ಕೆಮ್ಮು ಇಳಿಯುವ ತನಕ ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

"ಯಾವಾಗಿಂದ ಗೊತ್ತು ನಿಮ್ಗೆ?" ಎಂದು ಕೇಳಿದೆ.

"ಮೊದಲ್ನೇದರಿಂದ್ಲೇ. ಡ್ರಿಲ್ ಹಾಕಿದ ಅಂಚು ತುಟಿಗೆ ಸಿಗಲ್ವಾ? ಅಂಚು ಉಜ್ಜೋದೂ ಬರಲ್ಲ ನಿಂಗೆ. ಗಬ್ಬು ಕೆಲಸ." ಉಸಿರು ಎಳೆದುಕೊಳ್ಳಲು ನಿಲ್ಲಿಸಿದರು. "ತೆರೆದಿದೆ ಅಂದ್ರೆ ನಿನ್ನ ಮುಖ ಅರಳ್ತಿತ್ತು. ಅದಕ್ಕೇ ಹಾಗಂತಿದ್ದೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ಭಾವ ಜೆಟ್ಟನ್ನು ಮತ್ತೊಮ್ಮೆ ತುಟಿಗಿಟ್ಟರು. ಸ್ಪ್ಯಾನರ್ ಹಿಡಿದಾಗ ಬರುವ ಗಂಟು ಹುಬ್ಬಿನ ನಡುವೆ ಬಂತು. ನಾನು ನನ್ನ ಉಸಿರನ್ನು ಬಿಗಿ ಹಿಡಿದೆ. ಅವರು ಊದಿದರು, ಕಾದರು, ಮತ್ತೆ ಊದಿದರು. ಆಮೇಲೆ ಜೆಟ್ಟನ್ನು ಒರಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಇದೂ ಬ್ಲಾಕ್ ಕಣೋ. ಡಬ್ಬಿಗೆ ಹಾಕು."

"ಆಯ್ತು ಭಾವ."

ಕೆಳಗಿನಿಂದ ಬ್ರೆಡ್ಡಿನವನು ಗಾಡಿ ಆಯ್ತಾ ಎಂದು ಕೂಗುತ್ತಿದ್ದ. ಇಳಿಯುವಾಗ ಸ್ವಿಚ್ ಬೋರ್ಡಿನ ಹತ್ತಿರ ಕಾಲು ಮುಂದಕ್ಕೆ ಹೋಗಲಿಲ್ಲ. ಒಂದೊಂದೇ ಸ್ಕ್ರೂ ಮುಟ್ಟಿ ನೋಡುತ್ತ ಅಲ್ಲೇ ನಿಂತೆ. ಎಲ್ಲವೂ ಬಿಗಿಯಾಗಿಯೇ ಇದ್ದವು.